ಸೇತುವೆಯ ಮೇಲೆ ಸಿಕ್ಕ ತಂಗಿ

ಯುದ್ಧದಲ್ಲಿ ಅವನ ತಲೆ ಹೋಗಲಿಲ್ಲ, ಕೈಕಾಲು ಹೋಗಲಿಲ್ಲ. ಯುದ್ಧ ಮುಗಿದ ಮೇಲೆ ಒಂದೇ ಒಂದು ಮಾತಿಗೆ ಬಾಳು ಮೂರಾಬಟ್ಟೆಯಾಯಿತು.

ಆ ಮಾತು "ಅಣ್ಣ".

ಹೇಳಿದವಳು ಕೋಟೆ. ಅದು ವರ್ಕ್‌ಶಾಪಿನವರು ಇಟ್ಟ ಹೆಸರು. ಅವಳ ಗ್ರಹದವರೆಲ್ಲ ಹಾಗೆಯೇ: ನಾಲ್ಕು ಕೈ, ನಾಲ್ಕು ಕಣ್ಣು, ಯಾವ ಬಾಗಿಲಿಗೂ ಬಗ್ಗಿಯೇ ಬರಬೇಕಾದ ಎತ್ತರ. ಇವನ ಗ್ರಹದವರು ಅವಳ ಸೊಂಟಕ್ಕೆ ಬಂದರೆ ಹೆಚ್ಚು. ಹಗುರ ಮೈ, ಚುರುಕು ಕಾಲು. ಹಾಗಾಗಿ ಇವನು ಸೊಳ್ಳೆ. ಸಾಲದ್ದಕ್ಕೆ ಇವನ ಜನರಿಗೆ ಇನ್ನೊಂದು ಪೀಡೆ: ಮನಸ್ಸಿಗೆ ಖುಷಿಯಾದರೆ ಗಂಟಲ ಬಳಿಯ ತೆಳು ಚರ್ಮ ಹಳದಿಯಾಗಿ ಬೆಳಗುತ್ತದೆ. ಬೇಡವೆಂದರೂ ಕೇಳುವುದಿಲ್ಲ. ಅದಕ್ಕೇ ಸದಾ ಕುತ್ತಿಗೆಗೊಂದು ಮಫ್ಲರ್.

ಎರಡು ಗ್ರಹಗಳು ರಾಜಿಯಾದ ಮೇಲೆ ಎರಡೂ ಕಡೆಯ ಸೈನಿಕರನ್ನು ಒಂದೇ ಶೆಡ್ಡಿಗೆ ತಳ್ಳಿದ್ದರು. ಹಳೆಯ ಯುದ್ಧನೌಕೆಗಳನ್ನು ಬಿಚ್ಚುವ ಕೆಲಸ. ಮೊದಲ ದಿನವೇ ಬಾಗಿಲಲ್ಲಿ ಬಗ್ಗಿ ಒಳಗೆ ಬಂದವಳನ್ನು ನೋಡಿ ಸೊಳ್ಳೆಯ ಕೈಯಿಂದ ಸ್ಪ್ಯಾನರ್ ಜಾರಿತು. ಸೇತುವೆಯ ಮೇಲೆ ಕಂಡಿದ್ದ ಮುಖ. ಅಂದಿನಿಂದ ಕಣ್ಣಿಗೆ ಕಟ್ಟಿದಂತಿದ್ದ ಮುಖ. ಮಫ್ಲರ್ ಒಳಗಿಂದಲೇ ಹೊಳೆಯತೊಡಗಿತು.

ಅವಳು ನೇರ ಅವನ ಬಳಿ ಬಂದು ಮಂಡಿಯೂರಿದಳು. ಆಗ ಮುಖಕ್ಕೆ ಮುಖ ಸರಿಹೋಯಿತು.

"ಚೆನ್ನಾಗಿದ್ದೀಯಾ ಅಣ್ಣ?"

ಶೆಡ್ಡಿಗೆ ಶೆಡ್ಡೇ ಗೊಳ್ಳೆಂದಿತು. ಮಫ್ಲರಿನೊಳಗಿನ ದೀಪ ತಟ್ಟನೆ ಆರಿತು.

ಊಟದ ಹೊತ್ತಿಗೆ ಕ್ಯಾಂಟೀನಿನಲ್ಲಿ ಅವಳೇ ಬಿಡಿಸಿ ಹೇಳಿದಳು. "ನಮ್ಮಲ್ಲಿ ಹಾಗೇ. ಸೋತವರ ಪ್ರಾಣ ಕೈಗೆ ಸಿಕ್ಕಿದ್ರೂ ಯಾರು ವಾಪಸ್ ಕೊಡ್ತಾರೋ, ಅವರು ಒಡಹುಟ್ಟಿದವರು. ನೀನು ನನಗೆ ಪ್ರಾಣ ವಾಪಸ್ ಕೊಟ್ಟೆ. ಮುಗೀತು, ನಮ್ಮಣ್ಣ."

ಸೊಳ್ಳೆಗೆ ತಲೆ ಚಚ್ಚಿಕೊಳ್ಳುವಂತಾಯಿತು. ಅಂದು ಸೇತುವೆಯ ಕಾವಲಿಗೆ ಇವಳು ಎಲ್ಲರ ಮುಂದೆ ಒಬ್ಬಳೇ ನಿಂತಿದ್ದಳು. ಅವನು ಹಾರಿ ಬೀಸಿದ ಏಟಿಗೆ ಅವಳ ಕೊರಳ ಕವಚ ತೆರೆದುಕೊಂಡು, ಕತ್ತಿಯ ಮೊನೆ ಮೆತ್ತನೆಯ ಚರ್ಮಕ್ಕೆ ತಾಗಿತ್ತು. ಅಷ್ಟರಲ್ಲಿ ಇಬ್ಬರ ಕಣ್ಣೂ ಕೂಡಿದವು. ಅವನ ಕೈ ಮುಂದೆ ಹೋಗಲಿಲ್ಲ. ಅದನ್ನು ಪ್ರೀತಿ ಎನ್ನಿ, ದಡ್ಡತನ ಎನ್ನಿ. ಸೋತವರು ದಾರಿ ಬಿಡಬೇಕೆಂಬ ತನ್ನ ಜನರ ನಿಯಮದಂತೆ ಅವಳು ಆಯುಧ ಕೆಳಗಿಟ್ಟು ಪಕ್ಕಕ್ಕೆ ಸರಿದಳು, ಇವನ ಸೈನ್ಯ ಸೇತುವೆ ದಾಟಿತು. ಕೊಲ್ಲದೆ ಬಿಟ್ಟ ತಪ್ಪಿಗೆ ಅಣ್ಣನಾಗುವ ಶಿಕ್ಷೆಯಿದೆಯೆಂದು ಅವನಿಗೇನು ಗೊತ್ತು?

"ಈ ಅಣ್ಣನ ಕೆಲಸಕ್ಕೆ ರಾಜೀನಾಮೆ ಕೊಡೋಕಾಗಲ್ವಾ?"

"ಯಾಕೆ, ತಂಗಿ ಭಾರ ಆದ್ಲಾ?"

"ಭಾರ ಎಷ್ಟು ಅಂತ ಹೇಗೆ ಹೇಳ್ಲಿ? ಎತ್ತಿ ನೋಡಿಲ್ಲ."

ಅವಳು ನಕ್ಕಾಗ ಮೇಜಿನ ಮೇಲಿನ ತಟ್ಟೆಗಳು ಗಡಗಡ ಎಂದವು.

ಇಬ್ಬರನ್ನೂ ಒಂದೇ ಜೋಡಿಯಾಗಿ ಕೆಲಸಕ್ಕೆ ಹಾಕಿದ್ದರು. ಅವಳು ನೌಕೆಯ ತಗಡನ್ನು ಎರಡು ಕೈಯಲ್ಲಿ ಎತ್ತಿ ಹಿಡಿದರೆ ಅವನು ಸಂದಿಯಲ್ಲಿ ನುಗ್ಗಿ ಬೋಲ್ಟ್ ಬಿಚ್ಚಬೇಕು. ಅವಳ ಮುಂದಿನ ಕಣ್ಣುಗಳೆರಡು ಕೆಲಸದ ಮೇಲಿರುತ್ತಿದ್ದವು. ಕೆನ್ನೆಯ ಪಕ್ಕದ ಕಣ್ಣೆರಡು ಮಾತ್ರ ಅವನು ಹೋದಲ್ಲೆಲ್ಲ ಮೆಲ್ಲನೆ ಹಿಂಬಾಲಿಸುತ್ತಿದ್ದವು. ಅವನು ತಿರುಗಿದರೆ ಥಟ್ಟನೆ ಮುಚ್ಚಿಕೊಳ್ಳುತ್ತಿದ್ದವು.

"ಸಿಕ್ಕಿಬಿದ್ದೆ. ಪಕ್ಕದ ಕಣ್ಣಲ್ಲಿ ಏನು ನೋಡ್ತಿದ್ದೆ?"

"ಧೂಳು ಹೋಯ್ತು."

"ಎರಡಕ್ಕೂ ಒಟ್ಟಿಗೇನಾ?"

"ಬೋಲ್ಟ್ ನೋಡು ಅಣ್ಣ, ನನ್ನನ್ನಲ್ಲ."

ಬೇಕೆಂದೇ "ಅಣ್ಣ" ಎನ್ನುತ್ತಾಳೆ ಎಂದು ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಆ ಉರಿಯೂ ಬೇಕಾಗಿತ್ತು ಅವನಿಗೆ.

ಮೇಸ್ತ್ರಿ ಒಮ್ಮೆ ಕೆಣಕಿದ. "ಅಲ್ಲಯ್ಯಾ, ಗೇಣುದ್ದ ಇದ್ದೀಯ, ಇವಳ ಕವಚ ಹೇಗೆ ತೆಗೆದೆ?"

"ಒಂದೇ ಏಟು ಮೇಸ್ತ್ರಿ. ಡಬ್ಬಿ ಮುಚ್ಚಳ ತೆಗೆದ ಹಾಗೆ ತೆರೆದುಕೊಂಡ್ಬಿಡ್ತು."

ಕೋಟೆ ನೀರು ಕುಡಿಯುತ್ತಿದ್ದವಳು ಲೋಟ ಇಳಿಸಿದಳು. "ಹೌದು, ಒಳ್ಳೇ ಏಟು" ಎಂದು ಎದ್ದು ಹೋದಳು.

ಕೆಲಸ ಇನ್ನೇನು ಮುಗಿಯುತ್ತದೆ ಎನ್ನುವಾಗ ಅವಳ ಅಮ್ಮ ಬಂದರು, ಜೊತೆಗೆ ಮಗಳಿಗೊಂದು ಸಂಬಂಧ ತಂದರು. ಹುಡುಗ ಅವಳಷ್ಟೇ ಎತ್ತರ, ಮಾತು ಮೆದು. ಬೈಯೋಣವೆಂದರೆ ಸೊಳ್ಳೆಗೆ ಒಂದು ಕೊಂಕೂ ಸಿಗಲಿಲ್ಲ. ಅಮ್ಮ ಬಂದವರೇ ಇವನನ್ನು ಹುಡುಕಿಕೊಂಡು ಬಂದು, ನಾಲ್ಕೂ ಕೈಯಲ್ಲಿ ಮುಖ ತಡವಿದರು.

"ಆ ಸೇತುವೆ ಮೇಲೆ ನನ್ನ ಕಿರಿ ಮಗ ಹೋದ. ಅಕ್ಕನ ಹಿಂದೇನೇ ನಿಂತಿದ್ದ ನನ್ನ ಕೂಸು. ನಿಮ್ಮ ಕಡೆಯವರೇ ಕೊಂದ್ರು, ಸುಳ್ಳು ಯಾಕೆ ಹೇಳ್ಲಿ, ನಿಮಗೆಲ್ಲ ಶಾಪ ಹಾಕ್ದೆ. ಆದ್ರೆ ನೀನು ಮಗಳನ್ನ ಉಳಿಸ್ದೆ. ಒಬ್ಬ ಮಗ ಹೋದ ಕಡೆನೇ ಇನ್ನೊಬ್ಬ ಸಿಕ್ಕಿದ ಅಂದ್ಕೊಂಡು ಬದುಕಿದೀನಿ ಮಗನೇ."

ಮದುವೆಯ ದಿನ ಹೆಣ್ಣಿನ ಕೊರಳ ಕವಚವನ್ನು ಅಣ್ಣ ಬಿಡಿಸಿ ಗಂಡಿನ ಕೈಗೆ ಕೊಡಬೇಕಂತೆ. ಇನ್ನು ಇವಳಿಗೆ ಯುದ್ಧವಿಲ್ಲ ಎಂದು ಅದರ ಅರ್ಥ. ಅಲ್ಲಿಯವರೆಗೆ ಹೆತ್ತವಳ ಮುಂದೆ ಬಿಟ್ಟರೆ ಅದನ್ನು ಎಲ್ಲೂ ತೆಗೆಯುವುದಿಲ್ಲ. "ಮಾಡ್ತೀಯಲ್ಲ?" ಎಂದು ಅಮ್ಮ ಕೇಳಿದಾಗ, ಬಾಯಿಗೆ ಬಂದದ್ದನ್ನು ನುಂಗಿಕೊಂಡು ಅವನು "ಮಾಡ್ತೀನಿ ಅಮ್ಮ" ಎಂದ.

ಮದುವೆಯ ಬೆಳಗ್ಗೆ ಚಿಕ್ಕ ಕೋಣೆಯಲ್ಲಿ ಅವಳು ನೆಲದ ಮೇಲೆ ಕುಳಿತಿದ್ದಳು. ಅವನು ಸ್ಟೂಲ್ ಹತ್ತಿದ. ಇಷ್ಟು ಹತ್ತಿರ ಎಂದೂ ನಿಂತಿರಲಿಲ್ಲ. ಅವಳ ಉಸಿರು ಬಿಸಿಯಾಗಿ ಅವನ ಎದೆಗೆ ತಾಗುತ್ತಿತ್ತು. ಪಕ್ಕದ ಕಣ್ಣುಗಳು ಈಗ ಮುಚ್ಚಿಕೊಳ್ಳಲಿಲ್ಲ, ಅವನನ್ನೇ ನೋಡುತ್ತಿದ್ದವು.

ಅವನು ಚಿಲಕ ಹುಡುಕಿದ. ಇಷ್ಟು ಕಾಲ ಬಿಚ್ಚುವುದೇ ಕಸುಬಾಗಿದ್ದವನು ಕವಚದ ಸುತ್ತ ಬೆರಳಾಡಿಸಿದ, ಅಂಚು ತಟ್ಟಿ ನೋಡಿದ. ಹೊರಗೆ ಚಿಲಕವೂ ಇಲ್ಲ, ಬೋಲ್ಟೂ ಇಲ್ಲ, ಉಗುರು ತೂರಿಸುವಷ್ಟು ಸಂದಿಯೂ ಇಲ್ಲ.

"ಹೊರಗಿಂದ ಬರಲ್ಲ" ಎಂದಳು. ಗದ್ದದ ಕೆಳಗೆ ಒಂದು ಬೆರಳು ತೂರಿಸಿ ಒಳಗೆ ಏನನ್ನೋ ಒತ್ತಿದಳು. ಕವಚ ಕಟಕ್ಕೆಂದು ಸಡಿಲವಾಯಿತು.

ಅವನು ಅದನ್ನೇ ನೋಡುತ್ತ ನಿಂತ.

"ಹಾಗಾದ್ರೆ ಅವತ್ತು... ನನ್ನ ಏಟಿಗೆ ತೆರೆದುಕೊಂಡಿದ್ದಲ್ಲ."

"ಸುತ್ತಿಗೆ ತಗೊಂಡು ಬಡಿದ್ರೂ ಬರಲ್ಲ ಇದು."

"ನೀನೇ ತೆಗೆದ್ಯಾ? ಯಾಕೆ?"

"ನೀನು ಹಾರಿ ಬಂದೆ. ಕುತ್ತಿಗೆ ಹೊಳೀತಿತ್ತು. ನನ್ನನ್ನ ನೋಡಿ ಎಲ್ಲರೂ ಹೆದರಿದ್ದೇ ಕಂಡಿದ್ದು ನಾನು. ಒಬ್ಬನಿಗೆ ಅಷ್ಟು ಖುಷಿ ಆಗಿದ್ದು ಕಂಡಿರ್ಲಿಲ್ಲ. ಬೆರಳು ತಾನಾಗೇ ಹೋಯ್ತು. ಕೊಂದ್ರೆ ಇವನೇ ಕೊಲ್ಲಲಿ ಅನ್ನಿಸ್ತು."

ಗಂಟಲು ಭಗ್ಗೆಂದು ಬೆಳಗಿತು. ಅವನು ಸ್ಟೂಲಿನಿಂದ ಬೀಳುವುದೊಂದು ಬಾಕಿ. "ಅಂದ್ರೆ ನೀನು ಸೋತೇ ಇಲ್ಲ! ನಾನು ಪ್ರಾಣ ಉಳಿಸಿಲ್ಲ, ನೀನೇ ತಂದು ಕೈಗಿಟ್ಟೆ. ನಾನು ನಿನ್ನ ಅಣ್ಣ ಅಲ್ಲ ಕಣೇ! ನಡಿ, ಈಗಲೇ ಹೋಗಿ ಹೇಳೋಣ."

"ಯಾರಿಗೆ?"

"ಎಲ್ಲರಿಗೂ. ಮೊದಲು ಅಮ್ಮಂಗೆ."

"ಏನಂತ? ಸೇತುವೆ ನಾನೇ ಬಿಟ್ಟುಕೊಟ್ಟೆ ಅಂತಾನಾ? ನನ್ನ ಹಿಂದೆ ಯಾರು ನಿಂತಿದ್ದ ಗೊತ್ತಲ್ಲ ನಿನಗೆ?"

ಅಕ್ಕನ ಹಿಂದೆ ನಿಂತಿದ್ದ ಕೂಸು ಎಂಬ ಅಮ್ಮನ ಮಾತು ಅವನಿಗೆ ನೆನಪಾಯಿತು.

"ದಿನಾ ಅಣ್ಣ ಅಂತ ಕರೀತಿದ್ದೆನಲ್ಲ, ನಿನ್ನನ್ನ ಗೋಳು ಹೊಯ್ಕೊಳ್ಳೋಕಲ್ಲ" ಎಂದಳು ಅವಳು. "ನನಗೆ ನಾನೇ ಹೇಳ್ಕೋತಿದ್ದೆ. ಅದೊಂದು ಸುಳ್ಳಿಂದ ಅಮ್ಮ ಊಟ ಮಾಡ್ತಾಳೆ."

ಎರಡು ಕೈ ಅವಳ ಮಡಿಲಲ್ಲಿದ್ದವು. ಇನ್ನೆರಡು ಬಂದು ಅವನ ಮುಖ ಹಿಡಿದವು. ಅವನು ಕಣ್ಣುಮುಚ್ಚಿ ಒಂದು ಅಂಗೈಗೆ ತುಟಿಯೊತ್ತಿದ. ಒಳಗೆ ಎಲ್ಲವೂ ಸತ್ತಂತಿತ್ತು, ಆದರೂ ಪ್ರೀತಿಯ ಮಾತು ಕೇಳಿಸಿಕೊಂಡ ದರಿದ್ರ ಗಂಟಲಿಗೆ ಅದು ತಿಳಿಯಲಿಲ್ಲ. ಅದು ಬೆಳಗುತ್ತಲೇ ಇತ್ತು.

"ಮಗನೇ, ಆಯ್ತಾ?" ಹೊರಗಿನಿಂದ ಅಮ್ಮ ಕೂಗಿದರು.

ಅವಳು ಅವನನ್ನೇ ನೋಡುತ್ತಿದ್ದಳು. ನಾಲ್ಕೂ ಕಣ್ಣಿನಲ್ಲಿ ನೀರಿತ್ತು. ಅವನು ಹೋಗಿ ಹೇಳಿಬಿಟ್ಟಿದ್ದರೂ ಅವಳು ತಡೆಯುತ್ತಿರಲಿಲ್ಲ. ಅದು ಅವನಿಗೆ ಗೊತ್ತಿತ್ತು, ಅದೇ ಅವನನ್ನು ಕೊಂದಿತು.

"ಬಂದೆ ಅಮ್ಮ" ಎಂದ.

ಕವಚ ಅವನಿಗಿಂತ ಭಾರವಿತ್ತು. ಎದೆಗವಚಿಕೊಂಡು ಹೊರಗೆ ತಂದು ಗಂಡಿನ ಕೈಗಿಟ್ಟ. ಗಂಡು ಬಗ್ಗಿ, "ಚೆನ್ನಾಗಿ ನೋಡ್ಕೋತೀನಿ ಭಾವ" ಎಂದ. ನೋಡಿಕೊಳ್ಳುತ್ತಾನೆ ಎಂಬುದರಲ್ಲಿ ಸೊಳ್ಳೆಗೆ ಅನುಮಾನವಿರಲಿಲ್ಲ.

"ಕುತ್ತಿಗೆ ನೋಡಿ, ತಂಗಿ ಮದುವೆ ಅಂತ ನನ್ನ ಮಗನಿಗೆ ಎಷ್ಟು ಖುಷಿ!" ಎಂದು ಅಮ್ಮ ಎಲ್ಲರಿಗೂ ತೋರಿಸಿದರು. ಆಮೇಲೆ ತಮ್ಮ ಬಲಕ್ಕೆ, ಒಬ್ಬರು ನಿಲ್ಲುವಷ್ಟು ಖಾಲಿ ಬಿಟ್ಟಿದ್ದ ಜಾಗಕ್ಕೆ ಅವನನ್ನು ಕರೆದರು.

ಸೊಳ್ಳೆ ಹೋಗಿ ಆ ಸತ್ತವನ ಜಾಗದಲ್ಲಿ ನಿಂತ. ಅಮ್ಮ ಅವನ ಕೈ ಹಿಡಿದುಕೊಂಡರು, ಮದುವೆ ಮುಗಿಯುವವರೆಗೂ ಬಿಡಲಿಲ್ಲ.