ವೇಣೂರಿನ ಪುಟದಲ್ಲಿ ಇಲ್ಲದ ಮೂವರು

ಎರಡು ಸಾವಿರದ ಐದನೇ ಇಸವಿ, ರಮ್ಜಾನ್ ಹಬ್ಬ ಕಳೆದು ನಾಲ್ಕನೆಯ ದಿನ, ಬೆಳಗ್ಗಿನ ಹತ್ತು ಗಂಟೆ. ಮೂಡುಬಿದಿರೆಯ ಕಂಪ್ಯೂಟರ್ ಕೇಂದ್ರದ ಅಟೆಂಡರ್ ಡೊಂಬಯ್ಯ ಚಹಾ ತರುವಾಗ ಫಾಯಿಝಾ ಅಳುತ್ತಿದ್ದಳು. ಕೇಂದ್ರದ ವೆಬ್‌ಸೈಟಿನಲ್ಲಿ ಏಳು ಊರಿಗೆ ಒಂದೊಂದು ಪುಟ; ಅದಕ್ಕೆ ರಕ್ತದಾನಿಗಳ ಹೆಸರು ತುಂಬುವ ಕೆಲಸ ಅವಳದು. ಹಿಂದಿನ ದಿನ ಶಿರ್ತಾಡಿಯ ಬಾಣಂತಿಯೊಬ್ಬಳಿಗೆ ರಕ್ತ ಬೇಕಾದಾಗ, ವೇಣೂರಿನ ಪುಟದಲ್ಲಿ ಆ ಗುಂಪಿನ ರಕ್ತದ ದಾನಿ ಉನೈಸನ ಹೆಸರೇ ಇರಲಿಲ್ಲ. ಬೇರೆ ಕಡೆಯಿಂದ ಸಿಕ್ಕಿ ಜೀವ ಉಳಿದದ್ದು ಪುಣ್ಯ.

"ಹೆಸರು ಅಳಿಸಿದ್ದು ನೀನೇ. ನಾಳೆಯಿಂದ ಬರುವುದು ಬೇಡ," ಎಂದರು ಯಜಮಾನ ವೆಂಕಟೇಶ್ವರ.

"ನನ್ನ ಪ್ರೋಗ್ರಾಂ ಸರಿ ಉಂಟು. ಉಳಿದ ಆರು ಊರಿನ ಪುಟ ನೋಡಿ," ಎಂದ ಅದನ್ನು ಬರೆದ ಶಶಾಂಕ.

ಕೇಂದ್ರದಲ್ಲಿ ಏನು ಕಾಣೆಯಾದರೂ ಹುಡುಕಿ ಕೊಡುವವಳು ಜುವೈರಿಯಾ ಟೀಚರ್. ಅವಳು ಎಲ್ಲ ಊರಿನ ಹೆಸರುಗಳಿರುವ ಮೂಲಪಟ್ಟಿ ತೆರೆದಳು. ಉನೈಸ್ ಅಲ್ಲಿದ್ದ. ವೇಣೂರಿನ ಪುಟದಲ್ಲಿ ಮಾತ್ರ ಅವನೂ ಇಲ್ಲ, ನಿಝಾರ್, ನಿಝಾಮುದ್ದೀನ್ ಕೂಡ ಇಲ್ಲ. ಅದೇ ಊರಿನ ಧರ್ಣಪ್ಪ, ಹುಕ್ರಪ್ಪ ಇದ್ದರು.

"ಡೊಂಬಯ್ಯಣ್ಣ, ಈ ಮೂವರು ಇಲ್ಲಿಗೆ ಬಂದದ್ದು ನೆನಪುಂಟಾ?"

"ಹಬ್ಬಕ್ಕೆ ಮೊದಲು ಬಂದಿದ್ದರು. ಉಪವಾಸ ಮುಗಿಯುವವರೆಗೆ ಕರೆಯಬೇಡಿ ಅಂತ ಹೇಳಿ ಹೋದರು. ಬೇರೆ ಊರಿನವರೂ ಹಾಗೇ ಹೇಳಿದ್ದರು. ಈ ಹುಡುಗಿ ಎಲ್ಲರ ಹೆಸರಿಗೂ ಗುರುತು ಹಾಕಿದಳು."

ಜುವೈರಿಯಾ ನಕ್ಕಳು. ಊಟದ ನಂತರ ಎಲ್ಲರನ್ನೂ ಕೂರಿಸಿದಳು.

"ಅಳಿಸಿದ್ದರೆ ಮೂಲಪಟ್ಟಿಯಲ್ಲೂ ಇರುತ್ತಿರಲಿಲ್ಲ. ಹಾಗಾದರೆ ತಪ್ಪು ಹೆಸರಲ್ಲಿಲ್ಲ, ಯಾರ ಹೆಸರು ತೋರಿಸಬೇಕೆಂದು ಪುಟ ಪಟ್ಟಿಯನ್ನು ಕೇಳುವ ಪ್ರಶ್ನೆಯಲ್ಲಿ. ಶಶಾಂಕ, ಆ ಪ್ರಶ್ನೆ ಎಲ್ಲಿ ಬರೆದಿದ್ದಿ?"

"ಪ್ರತಿ ಊರಿನ ಪುಟದಲ್ಲೂ, ಟೀಚರ್."

"ಏಳು ಪುಟ, ಏಳು ಸಲ. ಉಪವಾಸದ ತಿಂಗಳು ಗುರುತಿದ್ದವರನ್ನು ಬಿಡು ಎಂದು ಏಳರಲ್ಲೂ ಸೇರಿಸಿದಿ. ಹಬ್ಬ ಮುಗಿದ ಮೇಲೆ ತೆಗೆದದ್ದು ಎಷ್ಟರಲ್ಲಿ?"

ಶಶಾಂಕ ತಲೆ ತಗ್ಗಿಸಿದ. "ಆರರಲ್ಲಿ. ವೇಣೂರಿಗೆ ಬರುವಾಗ ಕರೆಂಟು ಹೋಯಿತು. ಆಮೇಲೆ ಮರೆತೇ ಹೋಯಿತು."

"ಅದಕ್ಕೇ ಬೇರೆ ಊರಿನ ಉಪವಾಸದವರು ಕಾಣ್ತಾರೆ, ವೇಣೂರಿನವರು ಕಾಣುವುದಿಲ್ಲ. ಇನ್ನು ಪ್ರಶ್ನೆ ಒಂದೇ ಕಡತದಲ್ಲಿ ಇರಲಿ ಮಾರಾಯ. ಪುಟಗಳು ತಮ್ಮ ಊರಿನ ಹೆಸರು ಹೇಳಿ ಅಲ್ಲಿಂದ ಕೇಳಿಕೊಳ್ಳಲಿ. ತಿದ್ದುವುದಿದ್ದರೆ ಒಂದೇ ಸಲ."

ಸಂಜೆಯೊಳಗೆ ಅವಳೇ ಕೂತು ಮಾಡಿ ತೋರಿಸಿದಳು. ಉನೈಸನ ಹೆಸರು ಪುಟಕ್ಕೆ ಬಂತು. ಓದು ಬಾರದ ಡೊಂಬಯ್ಯನಿಗೂ ಆ ಬುದ್ಧಿಯ ಚಂದ ಅರ್ಥವಾಯಿತು.

"ನಾಳೆ ಬಾ ಮಗಾ," ಎಂದರು ವೆಂಕಟೇಶ್ವರ.

ಫಾಯಿಝಾ ಬಂದಳು. ನಾಲ್ಕು ದಿನ ಕೂತು ಹಳೆಯ ಗುರುತುಗಳನ್ನೆಲ್ಲ ತೆಗೆದಳು. ಬಳಿಕ ವೆಂಕಟೇಶ್ವರರ ಮೇಜಿನ ಮೇಲೆ ಕೇಂದ್ರದ ಬೀಗದ ಕೈ ಇಟ್ಟಳು. "ಟೀಚರ್ ಪಟ್ಟಿಯನ್ನಾದರೂ ಕೇಳಿದರು ಸರ್. ನೀವು ನನ್ನನ್ನು ಒಂದು ಮಾತೂ ಕೇಳಲಿಲ್ಲ."

ಕೆಲಸ ಬಿಟ್ಟು ಅವಳು ಬಂಟ್ವಾಳದ ಬಸ್ಸು ಹತ್ತಿದ್ದು ಅದೇ ಶನಿವಾರ.