ಬಲಗೈಗೆ ಬಂದ ವಾಚು

ಅವನು ಎಡಗೈಯ ವಾಚು ಬಿಚ್ಚಿ ಬಲಗೈಗೆ ಕಟ್ಟಿಕೊಂಡ. ಎದುರಿಗೆ ಕೂತಿದ್ದ ಗುಂಗುರು ಕೂದಲಿನ ಹುಡುಗಿ ಬ್ಯಾಗಿನ ಜಿಪ್ ಎಳೆದು ಎದ್ದು ನಿಂತಳು. ಅಷ್ಟೇ. ರಸ್ತೆಯ ಈಚೆ, ಕೊರಿಯರ್ ಆಫೀಸಿನ ಗಾಜಿನ ಹಿಂದೆ, ಹನ್ನೊಂದು ಪಾರ್ಸಲ್ ಎದೆಗವಚಿಕೊಂಡು ಕ್ಯೂನಲ್ಲಿ ನಿಂತಿದ್ದ ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು.

ಕಾಫಿ ಅಂಗಡಿಯಲ್ಲಿ ಯಾರೋ ವಾಚು ಕಟ್ಟಿಕೊಂಡರೆ ನಿನಗ್ಯಾಕಮ್ಮ ಹೊಟ್ಟೆಯುರಿ ಅಂತ ಕೇಳಬೇಡಿ. ಮೊದಲು ಪೂರ್ತಿ ಕೇಳಿ.

ಎಂಟು ವರ್ಷ ನಾನು ಮಕ್ಕಳ ರಕ್ಷಣೆಯ ಇಲಾಖೆಯಲ್ಲಿದ್ದೆ. ಏಟು ತಿನ್ನುವ ಮಕ್ಕಳ ಮನೆಗೆ ಹೋಗಿ, ನೋಡಿ, ವರದಿ ಬರೆಯುವ ಕೆಲಸ. ಅಂಥ ಮನೆಗೆ ಒಬ್ಬರೇ ಹೋಗುವಂತಿಲ್ಲ, ಇಬ್ಬರು ಹೋಗಬೇಕು. ಒಬ್ಬರು ಮಾತಾಡಬೇಕು, ಇನ್ನೊಬ್ಬರು ಬಾಗಿಲ ಮೇಲೆ ಕಣ್ಣಿಟ್ಟಿರಬೇಕು. ಮಾತು ನನ್ನದು, ಬಾಗಿಲು ಅವನದು. ಆಫೀಸಿನಲ್ಲಿ ಅವನಿಗೆ ಎಲ್ಲರೂ ಇಟ್ಟ ಹೆಸರು ಸೋಡಾಬುಡ್ಡಿ. ಕನ್ನಡಕದ ಗಾಜು ಅಷ್ಟು ದಪ್ಪ.

ಒಂದು ಮನೆಯಲ್ಲಿ ಗಂಡಸೊಬ್ಬ ನಾವು ಒಳಗಿರುವಾಗಲೇ ಚಿಲಕ ಹಾಕಿಬಿಟ್ಟಿದ್ದ. ಹೇಗೋ ಹೊರಗೆ ಬಂದೆವು. ಅವತ್ತೇ, ಆ ಮನೆಯ ಮೆಟ್ಟಿಲ ಮೇಲೆ ಕೂತು ಒಂದು ಗುರುತು ಮಾಡಿಕೊಂಡೆವು. ಅವನು ವಾಚನ್ನು ಬಲಗೈಗೆ ಕಟ್ಟಿದರೆ 'ಸಾಕು, ಏಳಿ, ಹೋಗೋಣ' ಅಂತ. ನಾನು ಬ್ಯಾಗಿನ ಜಿಪ್ ಎಳೆದರೆ 'ಬಂದೆ' ಅಂತ. ರಸ್ತೆಗೆ ಬಂದು ಉಸಿರು ಬಿಟ್ಟ ಮೇಲೆ ವಾಚು ಮತ್ತೆ ಎಡಗೈಗೆ. ನಮ್ಮ ಮೇಲಧಿಕಾರಿಗೂ ಇದು ಗೊತ್ತಿರಲಿಲ್ಲ. ಪ್ರೀತಿ ಗೀತಿ ಅಂತ ನಾವಿಬ್ಬರೂ ಯಾವತ್ತೂ ಬಾಯಿ ಬಿಟ್ಟವರಲ್ಲ. ನಮ್ಮಿಬ್ಬರ ನಡುವೆ ನಮ್ಮದು ಅಂತ ಇದ್ದದ್ದು ಅದೊಂದೇ.

ಅದನ್ನು ತೆಗೆದುಕೊಂಡು ಹೋಗಿ ಈ ಗುಂಗುರಿಗೆ ಕಲಿಸಿದ್ದಾನೆ! ನಾನು ಕೆಲಸ ಬಿಟ್ಟು ಐದು ತಿಂಗಳಾಗಿಲ್ಲ!

ಆಮೇಲೆ ಅವನು ತಲೆಯೆತ್ತಿ ರಸ್ತೆಯ ಕಡೆ ನೋಡಿದ. ಆ ಸೋಡಾಬುಡ್ಡಿಗೆ ಇಷ್ಟು ದೂರ ಏನು ಕಂಡೀತು ಮಣ್ಣು ಅಂದುಕೊಂಡು, ಪಾರ್ಸಲ್ಲುಗಳನ್ನು ಕೌಂಟರಿನ ಮೇಲೆ ಸುರಿದು, ವಿಳಾಸದ ಚೀಟಿಗಳನ್ನು ಟಪಟಪ ಅಂಟಿಸಿ, ಪಕ್ಕದ ಬಾಗಿಲಿನಿಂದ ಹೊರಬಿದ್ದು ಸಿಕ್ಕಿದ ಬಸ್ಸು ಹತ್ತಿದೆ. ಅದು ನಮ್ಮ ಮನೆಯ ಕಡೆ ಹೋಗುವ ಬಸ್ಸೂ ಆಗಿರಲಿಲ್ಲ.

ಕೆಲಸ ಬಿಟ್ಟವಳು ನಾನೇ, ನಿಜ. ಊಟ ಸೇರುತ್ತಿರಲಿಲ್ಲ. ಫೋನ್ ರಿಂಗಾದರೆ ಕೈ ನಡುಗುತ್ತಿತ್ತು. ಕೊನೆಗೊಂದು ದಿನ ಆರು ವರ್ಷದ ಮಗುವನ್ನು ಅದರ ಮನೆಯಿಂದ ಕರೆತರುವಾಗ, ಬೇರೆ ಏನೂ ಸಿಗದೆ, ಅದರ ಬಟ್ಟೆಯನ್ನೆಲ್ಲ ದೊಡ್ಡ ಕಪ್ಪು ಪ್ಲಾಸ್ಟಿಕ್ ಕವರಿಗೆ ತುಂಬಿದೆವು. "ಆಂಟಿ, ಇದನ್ನ ಕಸಕ್ಕೆ ಹಾಕ್ತೀರಾ?" ಅಂತ ಕೇಳಿತು ಮಗು. ಆ ವಾರ ಅತ್ತಿಗೆಯ ಹೊಲಿಗೆ ಮಿಷಿನ್ನಿನ ಮುಂದೆ ಕೂತು ಒಂದು ಚೀಲ ಹೊಲಿದೆ. ಲಾಡಿ ಎಳೆದರೆ ಬಾಯಿ ಮುಚ್ಚುವ ಚೀಲ, ಮೇಲೊಂದು ಆಮೆ. ಮಗು ಅದನ್ನು ತಬ್ಬಿಕೊಂಡೇ ಮಲಗಿತಂತೆ. ಅಲ್ಲಿಂದ ಶುರುವಾದದ್ದು ನನ್ನ ಆನ್‌ಲೈನ್ ಅಂಗಡಿ. ಮಗು ಯಾವ ಪ್ರಾಣಿ ಕೇಳುತ್ತೋ ಆ ಪ್ರಾಣಿಯ ಚೀಲ.

ರಾಜೀನಾಮೆ ಪತ್ರವನ್ನು ಮೊದಲು ತೋರಿಸಿದ್ದು ಅವನಿಗೆ. 'ಇರಿ' ಅಂತ ಒಂದು ಮಾತು ಅಂದಿದ್ದರೆ ಅಲ್ಲೇ ಹರಿದು ಹಾಕುತ್ತಿದ್ದೆ. ಅವನು ಎರಡು ಸಲ ಓದಿದ. ಪೆನ್ನು ತೆಗೆದು ಒಂದು ಅಕ್ಷರದ ತಪ್ಪು ತಿದ್ದಿದ. "ಒಳ್ಳೇದಾಗ್ಲಿ" ಅಂದ.

ತಪ್ಪು ತಿದ್ದಿದನಂತೆ, ಮಹಾನುಭಾವ!

ಬಸ್ಸಿನ ದಿನದ ಫಲ ಮೂರನೇ ದಿನಕ್ಕೆ ಬಂತು. ಆಮೆ ಕೇಳಿದ ಮನೆಗೆ ಆನೆ ಹೋಗಿತ್ತು, ಆನೆ ಕೇಳಿದ ಮನೆಗೆ ಆಮೆ.

"ಏನಮ್ಮ ಇದು? ಚೀಟಿ ಅಂಟಿಸುವಾಗ ಕಣ್ಣು ಎಲ್ಲಿತ್ತು?" ಅಂದಳು ಅತ್ತಿಗೆ. ನನ್ನ ಅಂಗಡಿಯ ಪ್ಯಾಕಿಂಗ್ ವಿಭಾಗ, ದೂರು ವಿಭಾಗ, ಬೈಗುಳ ವಿಭಾಗ ಎಲ್ಲಾ ಅವಳೇ.

"ಎಲ್ಲೂ ಇಲ್ಲ. ಬಿಸಿಲು ಜಾಸ್ತಿ ಇತ್ತು."

"ಬಿಸಿಲಿಗೆ ಕನ್ನಡಕ ಇತ್ತಾ?"

ನಾನು ಕತ್ತರಿ ತೆಗೆದುಕೊಂಡು ಒಳಗೆ ಹೋದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನನ್ನದು, ಅವಳಿಗೆ ಗೊತ್ತು.

ಅವನಿಂದ ಆರು ಮಿಸ್ಡ್ ಕಾಲ್. ಎತ್ತಲಿಲ್ಲ. ಕೊನೆಗೆ ಅಂಗಡಿಯ ನಂಬರಿಗೇ ಮೆಸೇಜ್ ಹಾಕಿದ: "ಇದ್ದೀರಾ?" ನನ್ನ ಫೋನು ತಾನಾಗಿಯೇ ಉತ್ತರ ಕಳಿಸಿತು: "ನಮ್ಮನ್ನು ಸಂಪರ್ಕಿಸಿದ್ದಕ್ಕೆ ಧನ್ಯವಾದಗಳು. ಆಮೆ, ಆನೆ, ಜಿರಾಫೆ ಲಭ್ಯವಿವೆ."

"ಮನುಷ್ಯರು ಯಾರಾದರೂ ಲಭ್ಯವಿದ್ದಾರಾ?" ಅಂತ ಬರೆದ.

ನಗು ಬಂತು. ಹಾಳಾದ್ದು, ಬಂದೇಬಿಟ್ಟಿತು. ಆದರೆ ಆ ಜಿಪ್ಪಿನ ಸದ್ದು ನೆನಪಾಗಿ ಫೋನನ್ನು ದಿಂಬಿನ ಕೆಳಗೆ ತುರುಕಿದೆ. ಗಾಜಿನಾಚೆಯ ಜಿಪ್ಪು ನನಗೆ ಕೇಳಿಸಿರಲಿಲ್ಲ ಅನ್ನುವುದು ಬೇರೆ ಮಾತು. ಹೊಟ್ಟೆಕಿಚ್ಚಿಗೆ ಕಿವಿ ಚುರುಕು.

ಮರುದಿನ ವೆಬ್‌ಸೈಟಿನಲ್ಲಿ ಆರ್ಡರ್ ಬಂತು. ಇಲಾಖೆಯ ಹೆಸರಲ್ಲಿ ನಲವತ್ತು ಚೀಲ! ಅತ್ತಿಗೆ ಕುಣಿದಾಡಿದಳು. ಕೆಳಗೆ ವಿಶೇಷ ಸೂಚನೆಯ ಜಾಗದಲ್ಲಿ ಬರೆದಿತ್ತು: "ಮುಂದಿನ ತಿಂಗಳ ಮೊದಲ ಭಾನುವಾರ ಹನ್ನೊಂದಕ್ಕೆ ನಾವೇ ಬಂದು ತೆಗೆದುಕೊಳ್ಳುತ್ತೇವೆ."

ನಾವೇ ಅಂತೆ, ನಾವೇ! ಜೋಡಿಯಾಗಿ ಬರುತ್ತಾರಂತೆ! ಬರಲಿ, ಚೀಲ ಕೊಟ್ಟು, ರಸೀದಿಗೆ ಸಹಿ ಹಾಕಿಸಿಕೊಂಡು, ಬಾಗಿಲು ಹಾಕಿಕೊಳ್ಳುತ್ತೇನೆ ಅಂತ ಮನಸ್ಸಿನಲ್ಲೇ ಪ್ರತಿಜ್ಞೆ ಮಾಡಿದೆ. ಆದರೂ ಆ ನಲವತ್ತು ಚೀಲಗಳ ಒಂದೊಂದು ಹೊಲಿಗೆಯನ್ನೂ ಎರಡೆರಡು ಸಲ ಹಾಕಿದೆ.

ಆ ಭಾನುವಾರ ಬೆಳಗ್ಗೆ ಅತ್ತಿಗೆ ಬಾಗಿಲಿಗೊರಗಿ ನಿಂತು ನನ್ನನ್ನೇ ನೋಡಿದಳು. "ಇದು ಮೂರನೇ ಸಲ ತಲೆ ಬಾಚ್ತಿರೋದು."

"ಗಿರಾಕಿ ಬರ್ತಾರೆ. ನೀಟಾಗಿರಬೇಕು."

"ಮಿಕ್ಕ ಗಿರಾಕಿಗಳೇನು ಪಾಪ ಮಾಡಿದ್ರು?"

ಹನ್ನೊಂದಕ್ಕೆ ಸರಿಯಾಗಿ ಬೆಲ್ ಆಯಿತು. ಅವನು ಸ್ವಲ್ಪ ಇಳಿದುಹೋಗಿದ್ದ. ಅಂಗಿಯ ಕಾಲರು ಒಂದು ಕಡೆ ಮಡಚಿಕೊಂಡಿತ್ತು. ಸರಿ ಮಾಡಲು ನನ್ನ ಕೈ ಎದ್ದೇಬಿಟ್ಟಿತ್ತು. ಹಿಂದೆಯೇ ಗುಂಗುರು ಕೂದಲು ಕಂಡಿತು, ಕೈ ಇಳಿಯಿತು.

"ಬನ್ನಿ" ಅಂದೆ, ಬ್ಯಾಂಕಿನವರು ಅನ್ನುವ ಹಾಗೆ.

ಹತ್ತಿರದಿಂದ ನೋಡಿದರೆ ಆ ಹುಡುಗಿ ಇನ್ನೂ ಚೆನ್ನಾಗಿದ್ದಳು. ಏನು ಮಾಡೋದು, ಸುಳ್ಳು ಹೇಳಲಾರೆ. ಅದಕ್ಕಿಂತ ಅನ್ಯಾಯ ಅಂದರೆ ಒಳ್ಳೆಯವಳೂ ಆಗಿದ್ದಳು. ಜಿರಾಫೆಯ ಚೀಲ ಎತ್ತಿಕೊಂಡು ಕೆನ್ನೆಗೊತ್ತಿಕೊಂಡಳು. "ಅಕ್ಕಾ, ಸರ್ ನಿಮ್ಮ ವಿಷಯ ಹೇಳ್ತಾನೇ ಇರ್ತಾರೆ. ಎಲ್ಲದಕ್ಕೂ 'ಅವರಾಗಿದ್ರೆ ಹೀಗೆ ಕೇಳ್ತಿದ್ರು, ಅವರಾಗಿದ್ರೆ ಹಾಗೆ ಬರೀತಿದ್ರು'. ನನಗಂತೂ ಸಾಕಾಗಿಹೋಗಿದೆ!"

ನಾನು ಅವನ ಕಡೆ ನೋಡಿದೆ. ಅವನು ಆನೆಯ ಸೊಂಡಿಲು ಪರೀಕ್ಷೆ ಮಾಡುತ್ತಿದ್ದ. ಕಿವಿ ಮಾತ್ರ ಕೆಂಪಾಗಿತ್ತು.

ಅತ್ತಿಗೆ ಕಾಫಿ ತಂದಳು. ಗುಂಗುರು ಲೋಟ ತೆಗೆದುಕೊಳ್ಳುವಾಗ ಜೇಬಿನ ಪೆನ್ನು ಟಣ್ಣನೆ ಕೆಳಗೆ ಬಿತ್ತು. "ಅಯ್ಯೋ ಸರ್, ಇದು ಬೇಕಂತ ಬೀಳಿಸಿದ್ದಲ್ಲ!" ಅಂತ ನಕ್ಕಳು. ನನಗೆ ಅರ್ಥವಾಗಲಿಲ್ಲ ಅಂತ ಅವಳೇ ಬಿಡಿಸಿ ಹೇಳಿದಳು. "ಅದು ನಮ್ಮ ಗುರುತು ಅಕ್ಕ. ಭಯದ ಮನೆ ಅನ್ನಿಸಿದ್ರೆ ಪೆನ್ನು ಬೀಳಿಸೋದು, ಎದ್ದು ಬಂದುಬಿಡೋದು. ಮೊದಲನೇ ದಿನಾನೇ ಸರ್ ಹೇಳಿಕೊಟ್ರು."

"ಪೆನ್ನಾ?" ಅಂದೆ.

"ಹೂಂ, ಪೆನ್ನು."

"ವಾಚಲ್ವಾ?"

"ವಾಚಾ? ಅಯ್ಯೋ, ಅದೊಂದು ಕಥೆ ಅಕ್ಕ!" ಅವಳು ನನ್ನ ಪಕ್ಕಕ್ಕೆ ಸರಿದಳು. "ಹೋದ ತಿಂಗಳು ಕೊರಿಯರ್ ಆಫೀಸಿನ ಎದುರು ಕಾಫಿಗೆ ಕೂತಿದ್ವಿ. ಸರ್ ಇದ್ದಕ್ಕಿದ್ದ ಹಾಗೆ ಎಡಗೈ ವಾಚು ಬಲಗೈಗೆ ಕಟ್ಟಿಕೊಂಡು ರಸ್ತೆ ಆಚೆ ನೋಡ್ತಾ ಕೂತುಬಿಟ್ರು. ಯಾಕೆ ಸರ್ ಅಂದ್ರೆ ಬೆಲ್ಟು ಚುಚ್ತಿದೆ ಅಂದ್ರು. ನಾನು ಬ್ಯಾಗು ತಗೊಂಡು ಕೈ ತೊಳೆಯೋಕೆ ಎದ್ದು ಹೋಗಿ ಬರೋಷ್ಟರಲ್ಲಿ ಇವರು ಆ ಆಫೀಸಿನ ಬಾಗಿಲಲ್ಲಿ, ಬಿಸಿಲಲ್ಲಿ ನಿಂತಿದ್ರು. ಅರ್ಧ ಗಂಟೆ! ಒಳಗೆ ಗೊತ್ತಿದ್ದವರು ಯಾರೂ ಇರಲಿಲ್ಲ."

ಆ ದಪ್ಪ ಗಾಜಿಗೆ ಅಷ್ಟು ದೂರದಿಂದ ನಾನು ಕಂಡಿದ್ದೆ. ಹೋಗೋಣ ಬನ್ನಿ ಅಂತ ಕರೆದದ್ದು ನನ್ನನ್ನು. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡಳು ಅನ್ನುತ್ತಾರಲ್ಲ, ಆ ಮಹಾತಾಯಿ ನಾನೇ.

ಅವನು ಈಗ ಆನೆಯನ್ನು ಕೆಳಗಿಟ್ಟ. ನನ್ನ ಮುಖ ನೋಡುತ್ತಲೇ, ಅವಸರವಿಲ್ಲದೆ, ಎಡಗೈಯ ವಾಚು ಬಿಚ್ಚಿದ. ಬಲಗೈಗೆ ಕಟ್ಟಿಕೊಂಡ.

"ಮತ್ತೆ ಚುಚ್ತಾ ಸರ್?" ಅಂದಳು ಗುಂಗುರು, ಕಾಫಿ ಕುಡಿಯುತ್ತಾ. ಅವಳು ಕೂತಲ್ಲಿಂದ ಅಲ್ಲಾಡಲಿಲ್ಲ.

ನಾನು ಎದ್ದೆ. ಎಳೆಯೋಣವೆಂದರೆ ಜಿಪ್ ಎಲ್ಲಿದೆ! ಸುತ್ತ ನಲವತ್ತು ಚೀಲ, ನಲವತ್ತಕ್ಕೂ ಲಾಡಿ. ಕಣ್ಣು ಗೋಡೆಯ ಮೊಳೆಗೆ ಹೋಯಿತು. ಕೊನೆಯ ದಿನ ಆಫೀಸಿನಿಂದ ತಂದು ಅಲ್ಲಿ ನೇತುಹಾಕಿದ ಹಳೇ ಬ್ಯಾಗು, ಬಾಯಿ ತೆರೆದುಕೊಂಡು ಧೂಳು ಕುಡಿಯುತ್ತಿತ್ತು. ಐದು ತಿಂಗಳು ನಾನದನ್ನು ಮುಟ್ಟಿರಲಿಲ್ಲ. ಹೋಗಿ ಜಿಪ್ ಎಳೆದೆ. ಮಧ್ಯದಲ್ಲಿ ಸಿಕ್ಕಿಕೊಂಡಿತು, ಬಿಡಲಿಲ್ಲ, ಪೂರ್ತಿ ಎಳೆದೆ.

"ಎಲ್ಲಿಗೆ ಹೊರಟ್ರಿ ಇಬ್ಬರೂ?" ಅಂದಳು ಅತ್ತಿಗೆ.

"ದಾರ ತರೋಕೆ."

"ಭಾನುವಾರ ದಾರದ ಅಂಗಡಿ ಇರಲ್ಲ."

"ನೋಡ್ಕೊಂಡು ಬರ್ತೀವಿ, ಇದೆಯಾ ಅಂತ."

ಅವಳ ನಗು ಮೆಟ್ಟಿಲವರೆಗೂ ಬಂತು.

ಇಬ್ಬರೂ ರಸ್ತೆಯ ತಿರುವಿನವರೆಗೆ ನಡೆದೆವು. ಆಮೇಲೆ ನಾನೇ ಕೇಳಿದೆ, ಮಾತು ನನ್ನದಲ್ಲವಾ. "ನಮ್ಮ ಮನೇಲಿ ಏನ್ರೀ ಅಪಾಯ ಕಂಡಿತು ನಿಮಗೆ?"

"ನೀವು ಕಾಫಿ ಕೊಟ್ಟು ಕಳಿಸಿಬಿಡ್ತೀರೇನೋ ಅಂತ."

"ಕಳಿಸೋಳೇ ಇದ್ದೆ. ಆ ಹುಡುಗಿಗೆ ನಮ್ಮ ಗುರುತು ಕಲಿಸಿದೀರಿ ಅಂದ್ಕೊಂಡು ಉರಿದು ಬೂದಿಯಾಗಿದ್ದೆ."

"ಅದು ಕಲಿಸೋಕೆ ಬರಲ್ಲ. ಅದು ನಿಮ್ಮದು" ಅಂದ.

ಹಿಗ್ಗಿದೆ. ಹಿಗ್ಗಿದ್ದಕ್ಕೆ ಸಿಟ್ಟೂ ಬಂತು. "ಹಾಗಾದ್ರೆ ಅವತ್ತು 'ಇರಿ' ಅಂತ ಯಾಕೆ ಅನ್ನಲಿಲ್ಲ? ಅಕ್ಷರ ತಿದ್ದೋಕೆ ಬಾಯಿ ಬೇಡ, ಸರಿ. ಅಷ್ಟು ಅನ್ನೋಕೂ ಬಾಯಿ ಇರಲಿಲ್ವಾ?"

"ಅಂದಿದ್ರೆ ಇರ್ತಿದ್ರಿ."

"ಇರ್ತಿದ್ದೆ!"

"ಅದಕ್ಕೇ ಅನ್ನಲಿಲ್ಲ." ಅವನು ನಿಂತ. "ಆ ಕಾಗದ ಕೊಡುವಾಗ ನಿಮ್ಮ ಕೈ ಎಷ್ಟು ನಡುಗ್ತಿತ್ತು ಅಂತ ನಿಮಗೆ ಗೊತ್ತಿಲ್ಲ. ಎಂಟು ವರ್ಷ ನಾನು ಬಾಗಿಲು ಕಾದದ್ದು ಯಾಕೆ ಹೇಳಿ? ನೀವು ಸುರಕ್ಷಿತವಾಗಿ ಹೊರಗೆ ಬರ್ಲಿ ಅಂತ ತಾನೆ. ಕೊನೇ ಬಾಗಿಲಲ್ಲಿ ನಾನೇ ಅಡ್ಡ ನಿಲ್ಲಲಾ?"

ಎಂಟು ವರ್ಷದಲ್ಲಿ ಅವನು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದು ಅದೇ ಮೊದಲು. ನನ್ನ ಕೈ ನೋಡಿಕೊಂಡೆ. ಸೂಜಿ ಚುಚ್ಚಿದ ಗುರುತುಗಳಿದ್ದವು. ನಡುಕ ಇರಲಿಲ್ಲ.

"ಈಗ ಹೊರಗೆ ಬಂದಾಯ್ತಲ್ಲ. ಈಗ ಅನ್ನಿ" ಅಂದೆ.

ಅವನು ಕನ್ನಡಕ ತೆಗೆದ, ಒರೆಸಿದ, ಹಾಕಿಕೊಂಡ. "ಇರು" ಅಂದ. "ನನ್ನ ಜೊತೆ ಇರು."

ನಾನು ಮೊದಲು ಕಾಲರು ಸರಿ ಮಾಡಿದೆ. ಆಮೇಲೆ ಅವನ ಬಲಗೈ ಹಿಡಿದು ವಾಚು ಬಿಚ್ಚಿದೆ, ಎಡಗೈಗೆ ಕಟ್ಟಿದೆ, ಬೆಲ್ಟು ಚುಚ್ಚದ ಹಾಗೆ ಒಂದು ತೂತು ಸಡಿಲ ಬಿಟ್ಟೆ. ಕಟ್ಟಿ ಮುಗಿದ ಮೇಲೂ ಆ ಕೈ ಬಿಡಲಿಲ್ಲ.