ಚಿಪ್ಪುಗಿವಿ

ಬುಟ್ಟಿಯ ತಳಕ್ಕೆ ಜಬೀನಾ ಅಂಟಿಸಿದ್ದ ಪಟ್ಟಿ ವೀಳ್ಯದೆಲೆಗಿಂತ ದಪ್ಪವಿರಲಿಲ್ಲ. ಅದರ ಮೇಲೆ ಭತ್ತದ ಹೊಟ್ಟು, ಹೊಟ್ಟಿನ ಮೇಲೆ ಮೊಟ್ಟೆಗಳು, ಮೊಟ್ಟೆಗಳ ಮೇಲೆ ರೆಕ್ಕೆ ಅಗಲಿಸಿ ಕೂತ ಕೆಂಪು ಹೇಂಟೆ. ಜಬೀನಾಳ ಅಂಗೈಯಲ್ಲಿದ್ದ ಪರದೆಯ ಮೇಲೆ ಹಸಿರು ಗೆರೆಯೊಂದು ಮೆಲ್ಲಗೆ ಏರಿಳಿಯುತ್ತಿತ್ತು.

“ಇದೇನವ್ವ, ಇಸಿಜಿ ಇದ್ದಂಗೈತೆ?” ಎಂದು ಇಣುಕಿದರು ರಂಗಧಾಮಯ್ಯ.

“ಹೆಚ್ಚುಕಮ್ಮಿ ಹಂಗೇ ಅಣ್ಣ. ಒಳಗಿರೋ ಮರಿ ಸದ್ದು ಮಾಡುತ್ತೆ. ನಮ್ಮ ಕಿವಿಗೆ ಸಿಗದಷ್ಟು ಸಣ್ಣ ಸದ್ದು. ಅದಕ್ಕೆ ಚಿಪ್ಪು ಅದುರುತ್ತಲ್ಲ, ಈ ಪಟ್ಟಿ ಅದನ್ನ ಹಿಡಿಯುತ್ತೆ. ಹಸಿರು ಅಂದ್ರೆ ಹಿತವಾಗಿದೆ, ನೀಲಿ ಅಂದ್ರೆ ಚಳಿ, ಹಳದಿ ಅಂದ್ರೆ ತಾಯಿಯನ್ನ ಕರೀತಿದೆ.”

ಅವಳು ಅದಕ್ಕೆ ಚಿಪ್ಪುಗಿವಿ ಎಂದು ಹೆಸರಿಟ್ಟಿದ್ದಳು. ಯಂತ್ರದ ಕಾವಿನಲ್ಲಿ ಮರಿ ಮಾಡುವ ಹ್ಯಾಚರಿಯಲ್ಲಿ ಸತ್ತ ಮೊಟ್ಟೆಗಳನ್ನು ಒಡೆಯದೆಯೇ ಹೆಕ್ಕಿ ತೆಗೆಯಲೆಂದು ಮಾಡಿದ ಉಪಕರಣ. ಜೀವವಿರುವ ಸದ್ದನ್ನು ಅದಕ್ಕೆ ಇನ್ನೂ ಚೆನ್ನಾಗಿ ಕಲಿಸಬೇಕಾದರೆ ತಾಯಿಯ ಕಾವಿನಲ್ಲಿರುವ ಮೊಟ್ಟೆಗಳೇ ಬೇಕಿದ್ದವು. ಆದರೆ ಹಕ್ಕಿಜ್ವರದ ವರ್ಷಗಳ ನಂತರ ಹಿತ್ತಲಲ್ಲಿ ಕೋಳಿ ಸಾಕುವುದನ್ನೇ ಸರ್ಕಾರ ನಿಲ್ಲಿಸಿತ್ತು. ಒಂದು ತಲೆಮಾರಿನ ಮಕ್ಕಳು ಕಾವಿಗೆ ಕೂತ ಕೋಳಿಯನ್ನು ನೋಡದೆಯೇ ಬೆಳೆದಿದ್ದರು. ಕಾಡುಹಕ್ಕಿ ಒಳಬರದಂತೆ ಸುತ್ತಲೂ ಮೇಲೂ ಜಾಲರಿ ಕಟ್ಟಿದವರಿಗೆ ಮಾತ್ರ ಈ ವರ್ಷ ಅನುಮತಿ ಸಿಕ್ಕಿತ್ತು. ಶಿರಾದ ಹತ್ತಿರದ ಆ ಹಳ್ಳಿಯಲ್ಲಿ ಮೊದಲು ಕಂಬ ನೆಟ್ಟವರು ರಂಗಧಾಮಯ್ಯನವರ ಹೆಂಡತಿ ಚೈತ್ರಮ್ಮ.

ಗಂಡ ಹೆಂಡತಿ ಇಬ್ಬರೇ ಎಲ್ಲವನ್ನೂ ಕಟ್ಟಿದ್ದರು. ಸೊಂಟದೆತ್ತರಕ್ಕೆ ಹಲಗೆಯ ಗೂಡು, ಒಳಗೆ ಕೋಳಿ ಕೂರಲು ಅಡ್ಡಗೋಲು, ಹತ್ತಿಳಿಯಲು ಪಟ್ಟಿ ಹೊಡೆದ ಇಳಿಜಾರು ಹಲಗೆ. ಗೂಡಿನ ಮುಂದೆ ಕೋಳಿ ಕೆದಕಿ ಓಡಾಡುವಷ್ಟು ಅಗಲದ ಅಂಗಳ, ಅದಕ್ಕೆ ಸರ್ವೆ ಕಂಬ, ಜಾಲರಿ. ಜಾಲರಿಯ ಬುಡಕ್ಕೆ ಚಪ್ಪಡಿ ಹೂಳುವುದು ಹಿಂಬದಿಯಲ್ಲಿ ಇನ್ನೂ ಬಾಕಿಯಿತ್ತು. ಅಷ್ಟರಲ್ಲೇ ಹೇಂಟೆ ಕಾವಿಗೆ ಕೂತುಬಿಟ್ಟಿತು.

ಚೈತ್ರಮ್ಮ ಗಂಡನ ಕೈಯಿಂದ ಗುದ್ದಲಿ ಕಿತ್ತುಕೊಂಡರು. “ಸಾಕು ನಿಲ್ಸಿ. ಕಾವು ಕೂತ ಮಗ್ಗುಲಲ್ಲಿ ಗುದ್ದಬಾರ್ದು, ಮೊಟ್ಟೆ ಕಲಕ್ತವೆ. ಮರಿ ಆಗ್ಲಿ, ಆಮೇಲೆ ಕಲ್ಲು.”

ಹಾಗೇನೂ ಆಗುವುದಿಲ್ಲವೆಂದು ಜಬೀನಾಗೆ ಗೊತ್ತಿತ್ತು. ಆದರೆ ಗುದ್ದಲಿಯ ಸದ್ದಿಲ್ಲದಿದ್ದರೆ ಅವಳ ಪರದೆಗೂ ಅನುಕೂಲ. “ಹೌದಕ್ಕ, ಆಮೇಲೆ ಹಾಕಿದ್ರಾಯ್ತು,” ಅಂದಳು. ಜಾಲರಿಯ ಬುಡದ ಸಂದಿಗೆ ರಂಗಧಾಮಯ್ಯ ಜಾಲಿಮುಳ್ಳು ಒತ್ತಿದರು.

ಮರಿಯಾಗಲು ಇನ್ನೇನು ಒಂದೆರಡು ದಿನ ಉಳಿದಿತ್ತು. ಆ ಮಧ್ಯಾಹ್ನ ಹೇಂಟೆ ಕಾಳಿಗೆಂದು ಅಂಗಳಕ್ಕಿಳಿಯಿತು. ಜಗಲಿಯಲ್ಲಿದ್ದ ಜಬೀನಾಗೆ ಕೇಳಿದ್ದು ಒಂದೇ ಒಂದು ಕೂಗು. ಮೂವರೂ ಓಡಿದಾಗ ಮುಂಗುಸಿ ಮುಳ್ಳಿನ ಅಡಿಯಿಂದ ನುಸುಳಿ ಹೋಗುತ್ತಿತ್ತು. ಮಣ್ಣಿನ ಮೇಲೆ ಕೆಂಪು ಪುಕ್ಕಗಳು. ಹೇಂಟೆಯ ಕತ್ತು ವಾಲಿತ್ತು.

ಚೈತ್ರಮ್ಮ ಅಳಲಿಲ್ಲ. ಪರದೆಯ ಮೇಲೆ ಗೆರೆ ನೀಲಿಗೆ ತಿರುಗಿದ್ದನ್ನು ಕಂಡವರೇ ಬುಟ್ಟಿಯನ್ನು ಒಳಗೆ ತಂದು, ಬಿಸಿನೀರಿನ ಚೀಲವಿಟ್ಟು, ಹಳೇ ಸೀರೆ ಹೊದಿಸಿ ಮಡಿಲಿಗೆ ಒತ್ತಿಕೊಂಡರು. ನೀಲಿ ಇಳಿಯಿತು. ಅದರ ಬದಲು ಎದ್ದ ಹಳದಿ ಮಾತ್ರ ಇಳಿಯಲೇ ಇಲ್ಲ.

“ಕಾವು ಸಿಕ್ತಲ್ಲಕ್ಕ, ಬದುಕ್ತವೆ,” ಎಂದಳು ಜಬೀನಾ.

“ಕರೀತಾನೇ ಅವೆಯಲ್ಲ?”

“ಕರೀಲಿ ಬಿಡಿ. ಹ್ಯಾಚರಿಲಿ ಯಾವ ತಾಯಿ ಇರ್ತಾಳೆ? ಅಲ್ಲೂ ಮರಿ ಆಗಲ್ವಾ?”

ಚೈತ್ರಮ್ಮ ಅವಳ ಮುಖವನ್ನು ನೋಡಿದರು. ಬುಟ್ಟಿಯತ್ತ ತಲೆ ಬಗ್ಗಿಸಿ, ಗಂಟಲ ಆಳದಿಂದ ಸದ್ದು ತೆಗೆದರು. “ಕೊರ್ರ್... ಕೊಕ್, ಕೊಕ್.” ಹಳದಿ ಗೆರೆ ಒಮ್ಮೆ ತಡೆದು ನಿಂತಿತು. ಮತ್ತೆ ಕೊಕ್ ಎಂದರು. ಗೆರೆ ಹಸಿರಾಗಿ ಮಲಗಿತು.

ಜಬೀನಾ ಪರದೆಯನ್ನು ಒರೆಸಿಕೊಂಡು ನೋಡಿದಳು. ಚೈತ್ರಮ್ಮ ನೀರು ಕುಡಿಯಲು ನಿಲ್ಲಿಸಿದರೆ ಹಳದಿ ಏಳುತ್ತಿತ್ತು, ದನಿ ಕೊಟ್ಟರೆ ತಣಿಯುತ್ತಿತ್ತು.

“ನಾನ್ ಕರುದ್ರೆ ಒಂದಿನ ಹೂಂ ಅಂದೋಳಲ್ಲ ಇವ್ಳು,” ಎಂದು ರಂಗಧಾಮಯ್ಯ ಗೊಣಗಿದರು. ಗೊಣಗುತ್ತಲೇ ಚೀಲಕ್ಕೆ ಹೊಸ ಬಿಸಿನೀರು ತಂದರು. ಹೆಂಡತಿಯ ಗಂಟಲು ಕಟ್ಟಿದಾಗ ಅತ್ತಿತ್ತ ನೋಡಿ, ನಾಚಿಕೊಂಡು, ತಾವೇ ಕೊಕ್ ಎಂದರು.

ಮರುದಿನ ಬಿಸಿಲೇರುವ ಹೊತ್ತಿಗೆ ಮೊದಲ ಚಿಪ್ಪು ಬಿರಿಯಿತು. ಸಂಜೆಯೊಳಗೆ ಒಂದು ಬಿಟ್ಟು ಉಳಿದವೆಲ್ಲ ಹೊರಬಂದವು. ಮೈ ಆರದ ಮರಿಗಳು ಬಿಸಿನೀರಿನ ಚೀಲವನ್ನು ಬಿಟ್ಟು, ಒಡೆದ ದನಿಯ ಆ ಹೆಂಗಸಿನತ್ತ ತೆವಳಿದವು.

ವಾರದ ನಂತರ ಜಬೀನಾ ಹ್ಯಾಚರಿಯ ಕೋಣೆಯಲ್ಲಿ ನಿಂತಿದ್ದಳು. ನೆಲದಿಂದ ಚಾವಣಿಯವರೆಗೆ ತಟ್ಟೆಗಳು. ಒಂದೊಂದರಲ್ಲೂ ಮರಿಯಾಗಲಿರುವ ಮೊಟ್ಟೆಗಳು. ಫ್ಯಾನಿನ ಗುಂಯ್‌ಗುಡುವಿಕೆ ಬಿಟ್ಟರೆ ಕೋಣೆ ಶಾಂತವಾಗಿತ್ತು. ಇಷ್ಟು ವರ್ಷ ಇಲ್ಲಿ ಅವಳು ಒಂದೊಂದೇ ಮೊಟ್ಟೆಗೆ ಪಟ್ಟಿ ಹಚ್ಚಿ, ಜೀವ ಇದೆಯೋ ಇಲ್ಲವೋ ಎಂದಷ್ಟೇ ನೋಡಿದ್ದಳು. ಇವತ್ತು ಎಲ್ಲ ತಟ್ಟೆಗಳಿಗೂ ಪಟ್ಟಿ ಜೋಡಿಸಿದ್ದಳು. ಗೆರೆಯ ಬದಲು ಸದ್ದನ್ನೇ ಹಿಗ್ಗಿಸಿ ಸ್ಪೀಕರಿಗೆ ಬಿಟ್ಟಳು.

ಕೋಣೆ ಚೀರಿತು.

ತಟ್ಟೆ ಜೋಡಿಸುತ್ತಿದ್ದ ಹೆಂಗಸರು ಕೈ ಎತ್ತಿದಲ್ಲೇ ನಿಂತರು. ಒಬ್ಬಾಕೆ ತನ್ನ ತಟ್ಟೆಯನ್ನು ನಿಧಾನವಾಗಿ ಕೆಳಗಿಟ್ಟು, ಕೈಯನ್ನು ಸೆರಗಿಗೆ ಒರೆಸಿಕೊಂಡಳು. ವ್ಯವಸ್ಥಾಪಕ ಬಾಗಿಲು ತಳ್ಳಿಕೊಂಡು ಬಂದ.

“ಏನ್ ಮೇಡಂ ಇದು? ಸತ್ತಿರೋವು ಯಾವ್ದು ಅಂತ ಹೇಳಿ ಅಂದ್ರೆ, ಬದುಕಿರೋವು ಏನನ್ನುತ್ವೆ ಅಂತ ಕೇಳಿದ್ರಾ ಯಾರಾದ್ರೂ? ಮೊದ್ಲು ಆ ಸದ್ದು ನಿಲ್ಸಿ.”

“ಸದ್ದು ನಿಲ್ಸೋದು ನನ್ ಕೈಲಿಲ್ಲ ಸರ್,” ಎಂದಳು ಜಬೀನಾ. “ನಮಗೆ ಕೇಳ್ಸೋದನ್ನ ಬೇಕಾದ್ರೆ ನಿಲ್ಸಬಹುದು.”

ಆತ ತಾನೇ ಹೋಗಿ ಗುಂಡಿ ಒತ್ತಿದ. ಕೋಣೆ ಮೊದಲಿನಂತೆ ಶಾಂತವಾಯಿತು, ಚಿಪ್ಪುಗಿವಿಯನ್ನು ಇನ್ನೂ ಯಾರೂ ಕಂಡುಹಿಡಿದಿರದ ನಮ್ಮ ಕಾಲದ ಹ್ಯಾಚರಿಗಳ ಕೋಣೆಗಳಷ್ಟೇ ಶಾಂತ.